ರಾಗಿ ಹಿಟ್ಟು ದ್ರವವಾ ಮೇಡಂ?

ಪ್ರಶ್ನೆ: ಮಂಡ್ಯ ಜಿಲ್ಲೆಯ ಹಳ್ಳಿ ಶಾಲೆಯಲ್ಲಿ ಐದನೇ ತರಗತಿಗೆ ಪಾಠ ಮಾಡುತ್ತೇನೆ. ಮಕ್ಕಳು ತಾವೇ ಹುಡುಕಿ ಕಲಿಯಲಿ ಎಂದು ತರಬೇತಿಯಲ್ಲಿ ಹೇಳಿದ್ದರು. 'ಹಾಕಿದ ಪಾತ್ರೆಯ ಆಕಾರಕ್ಕೆ ಬರುವುದು ದ್ರವ' ಎಂದು ಶುರು ಮಾಡಿದೆ. ಒಬ್ಬ ಹುಡುಗ, 'ಹಂಗಾದ್ರೆ ರಾಗಿ ಹಿಟ್ಟೂ ದ್ರವವಾ ಮೇಡಂ?' ಎಂದ. ಏನು ಹೇಳಲಿ? ನಮ್ಮಲ್ಲಿ ಲ್ಯಾಬೂ ಇಲ್ಲ.

ಉತ್ತರ: ಏನೂ ಹೇಳಬೇಡಿ ತಾಯಿ. 'ಹೌದಾ? ನೋಡೋಣ' ಅಂದರೆ ಸಾಕು. ಇಂಥ ಹುಡುಗ ಸಿಗಲಿ ಎಂದು ನಾನು ಮೇಷ್ಟ್ರಾಗಿದ್ದಷ್ಟು ಕಾಲವೂ ಕಾದಿದ್ದೇನೆ.

ಒಂದು ಲೋಟ ಹಿಟ್ಟು, ಒಂದು ಲೋಟ ನೀರು, ಸ್ವಲ್ಪ ಕಲ್ಲುಪ್ಪು ತರಿಸಿ. ಹಿಟ್ಟನ್ನೂ ನೀರನ್ನೂ ಬೇರೆ ಬೇರೆ ತಟ್ಟೆಗೆ ಸುರಿಯಲಿ. ಏನಾಗುತ್ತದೆ ಎಂದು ಮೊದಲೇ ಸ್ಲೇಟಿನಲ್ಲಿ ಬರೆದುಕೊಂಡಿರಲಿ. ನೀರು ಹರಡಿ ಸಮವಾಗುತ್ತದೆ, ಹಿಟ್ಟು ಗುಡ್ಡೆ ನಿಲ್ಲುತ್ತದೆ. ಎರಡು ಹನಿ ನೀರು ಪಕ್ಕಪಕ್ಕ ತಂದರೆ ಒಂದೇ ಹನಿ. ಎರಡು ಉಪ್ಪಿನ ಹರಳು ಎಷ್ಟು ಒತ್ತಿದರೂ ಎರಡೇ. ಭೂತಗನ್ನಡಿ ಇದ್ದರೆ ಹರಳಿನ ಮೂಲೆಗಳನ್ನು ತೋರಿಸಿ. ಒಂದೊಂದು ಹರಳೂ ಘನ, ರಾಶಿ ಮಾತ್ರ ಜಾರುತ್ತದೆ ಎಂದು ಯಾರಾದರೂ ಹೇಳಿಯೇ ಹೇಳುತ್ತಾರೆ. ಆಗ ನಿಮ್ಮ ವ್ಯಾಖ್ಯೆಯನ್ನು ಅವರೇ ತಿದ್ದಲಿ, ಅವರ ಮಾತಿನಲ್ಲೇ ಬೋರ್ಡಿನ ಮೇಲೆ ಬರೆಯಿರಿ. 'ನೀರು ಕಾಸಿದ್ರೆ ಆ... ಆವಿ...' ಎಂದು ಉತ್ತರವನ್ನು ಬಾಯಿಂದ ಎಳೆಯುವುದಿದೆಯಲ್ಲ, ಅದು ಹುಡುಕಾಟ ಅಲ್ಲ.

ಡಿಸೆಂಬರ್ ಬಂದರೆ ಇನ್ನೂ ಒಳ್ಳೆಯದು. ಬೆಳಗ್ಗೆ ಕೊಬ್ಬರಿ ಎಣ್ಣೆ ಬಾಟಲಿಯಲ್ಲಿ ಹೆಪ್ಪುಗಟ್ಟಿರುತ್ತದೆ. ಸುಮಾರು 24 ಡಿಗ್ರಿ ದಾಟಿದರೆ ಕರಗುತ್ತದೆ, ಬಿಸಿಲಲ್ಲಿ ಇಟ್ಟರೆ ಸಾಕು. ಗಟ್ಟಿಯಾಗಲು ಫ್ರಿಜ್ಜೇ ಬೇಕೆಂದುಕೊಂಡ ಮಕ್ಕಳು ಅಲ್ಲೇ ಬೆರಗಾಗುತ್ತಾರೆ. ಕರಗಿದ ಎಣ್ಣೆಗೆ ಗಟ್ಟಿ ಚೂರು ಹಾಕಿದರೆ ತೇಲುತ್ತಾ ಎಂದು ಕೇಳಿ. ಐಸ್ ನೋಡಿದವರು 'ತೇಲುತ್ತೆ' ಅನ್ನುತ್ತಾರೆ. ಅದು ಮುಳುಗುತ್ತದೆ! ವಿಚಿತ್ರ ಎಣ್ಣೆಯದಲ್ಲ, ನೀರಿನದು. ಹೆಪ್ಪುಗಟ್ಟಿದಾಗ ಹಿಗ್ಗುವ ವಸ್ತುಗಳು ಕಮ್ಮಿ.

ಅನಿಲಕ್ಕೆ ಸೂಜಿ ಇಲ್ಲದ ಹೊಸ ಸಿರಿಂಜ್ ಸಾಕು. ತುದಿಗೆ ಬೆರಳಿಟ್ಟು ಒತ್ತಿದರೆ ಗಾಳಿ ಕುಗ್ಗುತ್ತದೆ, ನೀರು ಜಗ್ಗುವುದಿಲ್ಲ.

ನಿಮ್ಮ ಕಡೆ ಆಲೆಮನೆಗೆ ಬರವಿಲ್ಲ, ಆದರೆ ಈ ಪಾಠಕ್ಕೆ ಮೊದಲೇ ಅಲ್ಲಿಗೆ ಕರೆದುಕೊಂಡು ಹೋಗಬೇಡಿ. ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲಿನ ನೀರೆಲ್ಲ ಆವಿಯಾಗಿ ಹೋಗುತ್ತದೆ, ಉಳಿದ ಪಾಕ ಆರಿ ಬೆಲ್ಲವಾಗುತ್ತದೆ. ಐಸ್ ಆಗುವುದೂ ಇದೂ ಒಂದೇ ಎಂದು ಮಕ್ಕಳ ತಲೆಯಲ್ಲಿ ಕೂತರೆ ಬಿಡಿಸುವುದು ಕಷ್ಟ. ಕೊನೆಗೆ ಹೋಗಿ, ಬಿಸಿ ಬೆಲ್ಲವನ್ನೂ ತಿನ್ನಿ.

ಪ್ರಶ್ನೆ: ಮೈಸೂರಿನ ನಮ್ಮ ಶಾಲೆಯ ಥರ್ಮಾಮೀಟರ್ ಕುದಿಯುವ ನೀರಿಗೆ 100 ತೋರಿಸುವುದೇ ಇಲ್ಲ, 98ರ ಹತ್ತಿರ ನಿಂತುಬಿಡುತ್ತದೆ. ಕೆಟ್ಟಿದೆಯಾ?

ಉತ್ತರ: ಕೆಟ್ಟಿಲ್ಲ. ಮೈಸೂರು ಸಮುದ್ರಮಟ್ಟದಿಂದ 750 ಮೀಟರಿಗಿಂತ ಎತ್ತರದಲ್ಲಿದೆ. ಎತ್ತರದಲ್ಲಿ ಗಾಳಿಯ ಒತ್ತಡ ಕಮ್ಮಿ, ಹಾಗಾಗಿ ನೀರು ಸ್ವಲ್ಪ ಮೊದಲೇ ಕುದಿಯುತ್ತದೆ. ಮಂಗಳೂರಿಗೆ ಶಾಲಾ ಟೂರ್ ಹೊರಟರೆ ಅದೇ ಥರ್ಮಾಮೀಟರನ್ನು ಬ್ಯಾಗಿಗೆ ಹಾಕಿಕೊಳ್ಳಿ. ಅಲ್ಲಿ ಎಷ್ಟು ತೋರಿಸಬಹುದು ಎಂದು ಬಸ್ಸಿನಲ್ಲೇ ಮಕ್ಕಳ ಕೈಲಿ ಬರೆಸಿ.