ಮೂತ್ರಕೋಶದ ‘ಪೇಸ್‌ಮೇಕರ್’: ಓದುಗರ ಪ್ರಶ್ನೆ, ತಜ್ಞರ ಉತ್ತರ

ಪ್ರಶ್ನೆ: ನನಗೆ 54 ವರ್ಷ, ಶಾಲಾ ಶಿಕ್ಷಕಿ. ದಿನಕ್ಕೆ ಹದಿನೈದು ಸಲ ಮೂತ್ರಕ್ಕೆ ಓಡಬೇಕು, ಒಂದು ಪೀರಿಯಡ್ ಮುಗಿಸುವುದೂ ಕಷ್ಟ. ತಡೆದರೆ ಸೀರೆ ಒದ್ದೆ. ಎರಡು ಬಗೆಯ ಮಾತ್ರೆ ತಿಂಗಳುಗಟ್ಟಲೆ ನುಂಗಿದೆ. ಬಾಯಿ ಒಣಗಿತು, ಮಲಬದ್ಧತೆ ಶುರುವಾಯಿತು, ಓಡಾಟ ನಿಲ್ಲಲಿಲ್ಲ. ಈಗ ಡಾಕ್ಟರು ಸೊಂಟದ ಕೆಳಗೆ ಪೇಸ್‌ಮೇಕರ್ ತರಹದ್ದು ಇಡೋಣ ಎನ್ನುತ್ತಾರೆ. ಒಪ್ಪಿಕೊಳ್ಳಲೇ?
– ಹೆಸರು ಬೇಡ, ಶಿವಮೊಗ್ಗ

ಉತ್ತರ: ಮೊದಲ ಹಂತಕ್ಕೆ ಧೈರ್ಯವಾಗಿ ಒಪ್ಪಿಕೊಳ್ಳಿ. ಎರಡನೆಯದಕ್ಕೆ ಈಗಲೇ ಮಾತು ಕೊಡಬೇಡಿ. ಅಮೆರಿಕದಲ್ಲಿ 1997ರಲ್ಲೇ ಅನುಮತಿ ಪಡೆದ ಚಿಕಿತ್ಸೆ ಇದು. ಕಾಯಂ ಯಂತ್ರ ಇಡುವ ಮೊದಲೇ ನಿಮ್ಮ ದೇಹದಲ್ಲಿ ಪರೀಕ್ಷಿಸಿ ನೋಡಬಹುದು ಎಂಬುದೇ ಇದರ ದೊಡ್ಡ ಗುಣ.

ಬೆನ್ನುಮೂಳೆಯ ಬುಡದಲ್ಲಿರುವ ತ್ರಿಕಾಸ್ಥಿಯಲ್ಲಿ ನರಗಳು ಹೊರಬರುವ ರಂಧ್ರಗಳಿವೆ. ಮೂರನೆಯ ರಂಧ್ರದಲ್ಲಿ ಹಾದುಬರುವ, ಮೂತ್ರಕೋಶದ ಹತೋಟಿಗೆ ನೆರವಾಗುವ ನರದ ಪಕ್ಕಕ್ಕೆ ನಾಲ್ಕು ವಿದ್ಯುದ್ವಾರಗಳಿರುವ (ಕರೆಂಟ್ ಹೊರಬರುವ ಬಿಂದುಗಳು) ಸಣ್ಣ ತಂತಿಯನ್ನು ಇಡುತ್ತಾರೆ. ಕರೆಂಟ್ ಕೊಟ್ಟಾಗ ಗುದದ ಸುತ್ತಲಿನ ಸ್ನಾಯು ಒಳಕ್ಕೆ ಸೆಳೆಯಬೇಕು, ಕಾಲಿನ ಹೆಬ್ಬೆರಳು ಕೆಳಕ್ಕೆ ಬಾಗಬೇಕು. ಇಡೀ ಪಾದ ತಿರುಗಿದರೆ ತಂತಿ ಒಂದು ರಂಧ್ರ ಮೇಲೆ ಕೂತಿದೆ ಎಂದರ್ಥ. ಈ ಚಲನೆ ಕಾಣಲೇಬೇಕಾದ್ದರಿಂದ ಪೂರ್ತಿ ಅರಿವಳಿಕೆ ಕೊಟ್ಟರೂ ದೀರ್ಘಕಾಲ ಸ್ನಾಯು ಸಡಿಲಿಸುವ ಔಷಧಿ ಬಳಸುವಂತಿಲ್ಲ.

ನಂತರ ಸೊಂಟಕ್ಕೆ ಕಟ್ಟಿದ ಹೊರಗಿನ ಪೆಟ್ಟಿಗೆಯೊಂದಿಗೆ ಸುಮಾರು ಎರಡು ವಾರ ಮನೆಯಲ್ಲೇ ಪರೀಕ್ಷೆ. ಜರುಗದಂತೆ ಹಿಡಿದಿಡುವ ಸಣ್ಣ ಮುಳ್ಳುಗಳಿಲ್ಲದ ತಾತ್ಕಾಲಿಕ ತಂತಿಯಾದರೆ ಕೆಲವೇ ದಿನ. ಅದು ಜರುಗುವುದು ಸುಲಭ. ಜರುಗಿದರೆ ಚಿಕಿತ್ಸೆಯೇ ಫಲಿಸಲಿಲ್ಲ ಎಂಬ ತಪ್ಪು ತೀರ್ಮಾನಕ್ಕೆ ಬರುವ ಅಪಾಯವಿದೆ. ಹಾಗಾಗಿ ಬಗ್ಗುವುದು, ಸೊಂಟ ತಿರುಗಿಸುವುದು, ಕೊಡ ಎತ್ತುವುದು ಬೇಡ. ಗಾಯದ ಪಟ್ಟಿ ನೆನೆಯಬಾರದು, ಒದ್ದೆ ಬಟ್ಟೆಯಲ್ಲಿ ಮೈ ಒರೆಸಿಕೊಂಡರೆ ಸಾಕು.

ನಿರ್ಧಾರ ಮಾಡುವುದು ನಿಮ್ಮ ಡೈರಿ. ತಂತಿ ಇಡುವ ಮೊದಲೇ ಮೂರು ದಿನ ಬರೆಯಿರಿ: ಹೋದ ಹೊತ್ತು, ಮಿಲಿಲೀಟರ್ ಗುರುತಿರುವ ಲೋಟದಲ್ಲಿ ಅಳೆದ ಪ್ರಮಾಣ, ಅವಸರ ಎಷ್ಟಿತ್ತು, ಬಟ್ಟೆ ಒದ್ದೆಯಾಯಿತೇ. ‘10.20, 90 ಮಿಲಿ, ತಡೆಯಲಾಗಲಿಲ್ಲ, ಒದ್ದೆ’ – ಇಷ್ಟು ಸಾಕು. ಪರೀಕ್ಷೆಯ ದಿನಗಳಲ್ಲೂ ಹೀಗೆಯೇ ಬರೆಯಿರಿ, ನೀರು ಕುಡಿಯುವುದನ್ನು ಕಡಿಮೆ ಮಾಡಬೇಡಿ. ತೊಂದರೆ ಅರ್ಧಕ್ಕರ್ಧವಾದರೂ ಇಳಿದರೆ ಮಾತ್ರ ಪೃಷ್ಠದ ಮೇಲ್ಭಾಗದಲ್ಲಿ, ಚರ್ಮದಡಿ ಯಂತ್ರ ಇಡಿಸಿಕೊಳ್ಳಿ. ಇಳಿಯದಿದ್ದರೆ ತಂತಿ ತೆಗೆಸಿ. ಮೂತ್ರಕೋಶಕ್ಕೆ ಬೊಟಾಕ್ಸ್ ಚುಚ್ಚುಮದ್ದಿನ ದಾರಿ ಉಳಿದೇ ಇರುತ್ತದೆ.

ಇಷ್ಟಕ್ಕೂ ಮುನ್ನ ಮೂತ್ರದ ಸೋಂಕು, ಸಕ್ಕರೆ, ಕಲ್ಲು ಇಲ್ಲವೆಂದು ಖಚಿತಪಡಿಸಿಕೊಂಡಿದ್ದಾರೆಯೇ ಎಂದು ಕೇಳಿ. ಸಕ್ಕರೆ ಏರಿ ಮೂತ್ರ ಹೆಚ್ಚಿದ್ದರೆ ಯಾವ ತಂತಿಯೂ ಅದನ್ನು ತಡೆಯದು.

ಪ್ರಶ್ನೆ: ಅಮ್ಮನಿಗೆ ಈ ಯಂತ್ರ ಇಟ್ಟು ಒಂದು ವರ್ಷ. ಚೆನ್ನಾಗಿತ್ತು. ಬಿದ್ದ ಮೇಲೆ ಹಳೇ ಅವಸರ ಮರಳಿದೆ, ಕಾಲಿಗೆ ಜುಮ್ಮೆಂದು ಹೊಡೆಯುತ್ತದೆ.
– ಓದುಗರು, ಹುಬ್ಬಳ್ಳಿ

ಉತ್ತರ: ರಿಮೋಟಿನಲ್ಲಿ ಕರೆಂಟ್ ಇಳಿಸಿ ಅಥವಾ ಆಫ್ ಮಾಡಿ, ಯಂತ್ರ ಇಟ್ಟ ವೈದ್ಯರಲ್ಲಿಗೆ ಕರೆದೊಯ್ಯಿರಿ. ತಂತಿ ಜರುಗಿರಬಹುದು, ಇಲ್ಲವೇ ತುಂಡಾಗಿರಬಹುದು. ತಂತಿಯ ವಿದ್ಯುತ್ ಪ್ರತಿರೋಧ ಅಳೆದು, ಎಕ್ಸ್‌ರೇ ತೆಗೆದು ಹಳೆಯದರ ಜೊತೆ ಹೋಲಿಸುತ್ತಾರೆ. ಸ್ವಲ್ಪವೇ ಜರುಗಿದ್ದರೆ ನಾಲ್ಕರಲ್ಲಿ ಬೇರೆ ವಿದ್ಯುದ್ವಾರಕ್ಕೆ ಪ್ರೋಗ್ರಾಂ ಬದಲಿಸಿದರೆ ಎಷ್ಟೋ ಸಲ ಸರಿಹೋಗುತ್ತದೆ. ಅಮ್ಮನಿಗೆ ಮತ್ತೆ ಆಪರೇಷನ್ ಎಂದು ಈಗಲೇ ಹೆದರಿಸಬೇಡಿ. ಯಂತ್ರದ ಜಾಗ ಕೆಂಪಾಗಿ, ಬಿಸಿಯಾಗಿ ಕೀವು ಕಂಡರೆ ಮಾತ್ರ ಅದೇ ದಿನ ತೋರಿಸಿ.

ಪ್ರಶ್ನೆ: ಯಂತ್ರ ಇದ್ದವರು ಎಂಆರ್‌ಐ ಮಾಡಿಸಬಹುದೇ?
– ಓದುಗರು, ಮಂಗಳೂರು

ಉತ್ತರ: ಮಾದರಿಯ ಮೇಲೆ ಹೋಗುತ್ತದೆ. ಹಳೆಯ ಕೆಲವು ಮಾದರಿಗಳಿಗೆ ತಲೆಯ ಸ್ಕ್ಯಾನ್ ಮಾತ್ರ, ಹೊಸವಕ್ಕೆ ಷರತ್ತಿನ ಮೇಲೆ ಇಡೀ ದೇಹದ್ದು. ಯಂತ್ರದ ಗುರುತಿನ ಕಾರ್ಡ್ ಪರ್ಸಿನಲ್ಲೇ ಇರಲಿ. ಫಿಸಿಯೋಥೆರಪಿಯಲ್ಲಿ ಕೊಡುವ ಡಯಾಥರ್ಮಿ ಶಾಖವನ್ನು ಮಾತ್ರ ಮೈಯ ಯಾವ ಭಾಗಕ್ಕೂ ಕೊಡಿಸಿಕೊಳ್ಳಬೇಡಿ. ತಂತಿಯ ತುದಿ ಕಾದು ನರ ಸುಡಬಹುದು.