ಮಲ್ಲೇಶ್ವರಂ ಹುಟ್ಟಿದ್ದು ಪ್ಲೇಗಿನಿಂದಲೇ?

ಪ್ಲೇಗ್ ಬಂದಿದ್ದಕ್ಕೇ ಬೆಂಗಳೂರಿನ ಮಲ್ಲೇಶ್ವರಂ ಹುಟ್ಟಿತು ಅಂತಾರಲ್ಲ, ನಿಜವಾ, ಅಲ್ಲಿ ಅಂಥ ವಿಶೇಷ ಏನಿದೆ ಅಂತ ಕೇಳಿದ್ದೀರಿ. ಅರ್ಧ ನಿಜ. ಬಸವನಗುಡಿ, ಮಲ್ಲೇಶ್ವರಂ ಎರಡಕ್ಕೂ 1890ರ ದಶಕದ ಮೊದಲಲ್ಲೇ ಯೋಜನೆ ಆಗಿತ್ತು. ಪ್ಲೇಗ್ ಬಂದದ್ದು 1898ರಲ್ಲಿ. ಪೇಟೆಯ ಇಕ್ಕಟ್ಟಿನಲ್ಲಿ ಸಾವು ಹೆಚ್ಚಿದಾಗ ಜನ ಇತ್ತ ಬಂದರು, ಬಡಾವಣೆ ತುಂಬಿತು.

ಜಾಗ ಮಾತ್ರ ಇನ್ನೂ ಹಳೆಯದು. ಇದು ಮೊದಲು ಮಲ್ಲಾಪುರ ಅನ್ನೋ ಹಳ್ಳಿ. ಶಿವಾಜಿಯ ಮಲತಮ್ಮ ಏಕೋಜಿ ಇಲ್ಲಿನ ದೇವರಿಗೆ ದತ್ತಿ ಬಿಟ್ಟ 1669ರ ಶಾಸನವಿದೆ. ಆ ದೇವರೇ ಕಾಡು ಮಲ್ಲೇಶ್ವರ. ಗುಡಿಯ ಎದುರಿಗಿರುವ ನಂದಿ ತೀರ್ಥ ಮಣ್ಣಲ್ಲಿ ಹೂತುಹೋಗಿತ್ತು, 1997ರಲ್ಲಿ ಹೊರಬಂತು. ನಂದಿಯ ಬಾಯಿಂದ ನೀರು ಲಿಂಗದ ಮೇಲೆ ಬಿದ್ದು ಕಲ್ಯಾಣಿಗೆ ಇಳಿಯುತ್ತದೆ.

ನನಗೆ ಈ ಬಡಾವಣೆ ಅರ್ಥವಾಗೋದು ಮನೆಗಳ ಹಿಂದಿನ ಓಣಿಗಳಲ್ಲಿ. ಮೇನ್, ಕ್ರಾಸ್ ರಸ್ತೆಗಳು ಎಲ್ಲರಿಗೂ ಕಾಣುತ್ತವೆ. ಹಿತ್ತಿಲ ಗೋಡೆಗಳ ನಡುವೆ ಸಣ್ಣ ಕನ್ಸರ್ವೆನ್ಸಿ ಓಣಿಗಳೂ ಇವೆ. ಒಳಚರಂಡಿ ಇಲ್ಲದ ಕಾಲದಲ್ಲಿ ಕಕ್ಕಸಿನ ಮಲ ಹೊತ್ತು ಸಾಗಿಸುವವರಿಗೆಂದೇ ಬಿಟ್ಟ ದಾರಿ ಅದು. ಗಾಳಿ, ಬೆಳಕು, ಅಗಲವಾದ ರಸ್ತೆ ಎಲ್ಲ ಮನೆಯ ಮುಂದೆ. ಊರನ್ನು ಚೊಕ್ಕಟವಾಗಿ ಇಟ್ಟವರು ಮಾತ್ರ ಹಿಂದಿನಿಂದಲೇ ಬಂದು ಹೋಗಬೇಕಿತ್ತು. ಹಳೇ ಮಲ್ಲೇಶ್ವರಂ ಎಷ್ಟು ಚೆನ್ನಾಗಿತ್ತು ಅಂತ ಹೇಳುವಾಗ ಅವರನ್ನೂ ನೆನೆಯಬೇಕು, ಅಲ್ವಾ? ಈಗ ಆ ಓಣಿಗಳಲ್ಲಿ ಕೆಲವು ಕಡೆ ಬೈಕ್ ನಿಲ್ಲಿಸುತ್ತಾರೆ, ಕೆಲವು ಕಡೆ ಕಸ ಸುರಿಯುತ್ತಾರೆ. ವಾಹನ ಓಡಾಡದ ಇಂಥ ಕಾಲುದಾರಿ ಬೇರೆ ಬಡಾವಣೆಗಳಿಗೆ ಸಿಗೋದೇ ಕಷ್ಟ. ಇವನ್ನು ನಡೆಯುವವರಿಗೆ ಬಿಟ್ಟುಕೊಡಬೇಕು ಅನ್ನೋದು ನನ್ನ ಗಟ್ಟಿ ಅಭಿಪ್ರಾಯ.

ಹೆಂಚಿನ ಮನೆಗಳು ಕಡಿಮೆಯಾಗಿವೆ, ಅಪಾರ್ಟ್‌ಮೆಂಟ್ ಜಾಸ್ತಿ. ಉಳಿದಿರುವ ಕೆಲವು ಮನೆಗಳಲ್ಲಿ ಕಿಟಕಿಯ ಮೇಲೆ ಮರದ ಪಟ್ಟಿಗಳ ಚೂಪು ಮಾಡು ಇನ್ನೂ ಇದೆ, ಮಂಕಿ ಟಾಪ್ ಅಂತಾರೆ. ಕತ್ತೆತ್ತಿ ನೋಡದಿದ್ದರೆ ತಪ್ಪಿಹೋಗುತ್ತದೆ.

ಬರೋದಾದರೆ ವರಮಹಾಲಕ್ಷ್ಮಿ ಹಬ್ಬದ ಹಿಂದಿನ ದಿನ ಬನ್ನಿ. ಸಂಪಿಗೆ ರಸ್ತೆ ಮೆಟ್ರೋದಲ್ಲಿ ಇಳಿದು 8ನೇ ಕ್ರಾಸಿನವರೆಗೆ ನಡೆಯಿರಿ. ತಾವರೆ, ಬಾಳೆಕಂದು, ಮಾವಿನ ಸೊಪ್ಪು, ಚೌಕಾಸಿ. ಕಾಲಿಡೋಕೂ ಜಾಗ ಇರಲ್ಲ. ಓಣಿಗಳನ್ನು ನೋಡೋಕೆ ಮಾತ್ರ ಬೇರೆ ದಿನ, ಬೆಳಗ್ಗೆ ಬೇಗ ಬಂದರೆ ಒಳ್ಳೆಯದು.