ಥೈರಾಯ್ಡ್ ಮಾತ್ರೆ ತಗೊಂಡ್ರೂ ಅಮ್ಮನ ಮೈಕೈ ನೋವು ಹೋಗ್ತಿಲ್ಲ: ಚಳ್ಳಕೆರೆಯವರ ಪ್ರಶ್ನೆಗೆ

ಥೈರಾಯ್ಡ್ ಕಡಿಮೆ ಇರೋ ನಿಮ್ಮ ತಾಯಿಯ ಮೈಕೈ ನೋವು ಫೈಬ್ರೊಮಯಾಲ್ಜಿಯಾನಾ (ಮೈತುಂಬಾ ಬಹುಕಾಲ ಕಾಡೋ ನೋವಿನ ಕಾಯಿಲೆ) ಅನ್ನೋದು ನಿಮ್ಮ ಪ್ರಶ್ನೆ. ಅವರು ಥೈರಾಯ್ಡ್ ಮಾತ್ರೆಯನ್ನ ಟೀ ಜೊತೆ ನುಂಗಿ, ತಿಂಡಿ ಆದ ತಕ್ಷಣ ಕ್ಯಾಲ್ಸಿಯಂ ತಗೊಳ್ತಾರೆ ಅಂದಿದ್ದೀರಿ. ತೊಡಕು ಬಹುಶಃ ಅಲ್ಲೇ. ನಾಲ್ಕು ತಿಂಗಳಾದರೂ, ಥೈರಾಯ್ಡ್ ಕಡಿಮೆಯಾದಾಗ ರಕ್ತದಲ್ಲಿ ಏರೋ ಹಾರ್ಮೋನ್ ಟಿಎಸ್‌ಎಚ್ 11ರಲ್ಲೇ ಇದೆ ಅಂದರೆ ಮಾತ್ರೆ ಮೈಗೆ ಹತ್ತುತ್ತಿಲ್ಲ, ಇಲ್ಲವೇ 50 ಮೈಕ್ರೊಗ್ರಾಂ ಸಾಲುತ್ತಿಲ್ಲ. ಥೈರಾಯ್ಡ್ ಕಡಿಮೆಯಾದಾಗಿನ ನೋವು, ಸುಸ್ತು, ಮರೆವು ಫೈಬ್ರೊಮಯಾಲ್ಜಿಯಾದ ಹಾಗೇ ಕಾಣುತ್ತೆ. ಥೈರಾಯ್ಡ್ ಹತೋಟಿಗೆ ಬರೋ ಮೊದಲೇ ಆ ಹೆಸರು ಅಂಟಿಸೋದು ಅವಸರವಾಯ್ತು.

ಎದ್ದ ಕೂಡಲೇ ಖಾಲಿ ಹೊಟ್ಟೆಯಲ್ಲಿ, ಬರೀ ನೀರಲ್ಲಿ ನುಂಗಲಿ. ಟೀ, ತಿಂಡಿ ಒಂದು ಗಂಟೆ ಬಿಟ್ಟು. ಕ್ಯಾಲ್ಸಿಯಂ, ಕಬ್ಬಿಣದ ಮಾತ್ರೆ ಕನಿಷ್ಠ 4 ಗಂಟೆ ಬಿಟ್ಟು. ಇವೆರಡನ್ನ ರಾತ್ರಿ ಊಟದ ಹೊತ್ತಿಗೆ ಇಟ್ಟುಬಿಟ್ಟರೆ ಗೊಂದಲವೇ ಇಲ್ಲ. ದಿನಾ ಗ್ಯಾಸ್ ಮಾತ್ರೆ ಇದ್ದರೆ ಡಾಕ್ಟರಿಗೆ ತಿಳಿಸಿ, ಅದೂ ಅಡ್ಡ ಬರುತ್ತೆ. ಚಳ್ಳಕೆರೆ ಬಿಸಿಲು ಗೊತ್ತಲ್ಲ, ಮಾತ್ರೆ ಡಬ್ಬಿ ಕಿಟಕಿ ಮೇಲೆ, ಒಲೆ ಪಕ್ಕ ಇಡಬೇಡಿ. ಸತ್ವ ಕಳ್ಕೊಳ್ಳುತ್ತೆ.

ಹೀಗೆ 6ರಿಂದ 8 ವಾರ ತಪ್ಪದೆ ನಡೆಸಿ ಟಿಎಸ್‌ಎಚ್, ಫ್ರೀ ಟಿ4 (ರಕ್ತದಲ್ಲಿನ ಥೈರಾಯ್ಡ್ ಹಾರ್ಮೋನ್) ಪರೀಕ್ಷೆ ಮಾಡಿಸಿ. ಜೊತೆಗೇ ಸಿಪಿಕೆ (ಸ್ನಾಯುವಿಗೆ ಪೆಟ್ಟಾದರೆ ರಕ್ತದಲ್ಲಿ ಏರೋ ಅಂಶ), ವಿಟಮಿನ್ ಡಿ, ಬಿ12. ಸಿಪಿಕೆ ಜಾಸ್ತಿ ಬಂದರೆ ಥೈರಾಯ್ಡ್ ಕಡಿಮೆ ಇರೋದರಿಂದ ಅಥವಾ ಕೊಲೆಸ್ಟರಾಲ್ ಮಾತ್ರೆಯಿಂದ ಸ್ನಾಯುವಿಗೆ ಪೆಟ್ಟಾಗಿರಬಹುದು. ಬರೀ ಫೈಬ್ರೊಮಯಾಲ್ಜಿಯಾದಲ್ಲಿ ಅದು ಏರೋದಿಲ್ಲ. ಕೂದಲಿಗೆ ಅಂತ ಬಯೋಟಿನ್ ತಗೊಳ್ತಿದ್ದರೆ ಪರೀಕ್ಷೆಗೆ ಎರಡು ದಿನ ಮೊದಲೇ ನಿಲ್ಲಿಸಿ, ಇಲ್ಲಾಂದ್ರೆ ರಿಪೋರ್ಟೇ ತಪ್ಪು ಬರಬಹುದು.

ಟಿಎಸ್‌ಎಚ್ ಸರಿಹೋಗಿ ಕೆಲವು ತಿಂಗಳಾದರೂ ನೋವು ಉಳಿದರೆ ಎರಡೂ ಕಾಯಿಲೆ ಒಟ್ಟಿಗಿರಬಹುದು. ಒಂದರಿಂದ ಇನ್ನೊಂದು ಹುಟ್ಟುತ್ತೆ ಅನ್ನೋದು ಸಾಬೀತಾಗಿಲ್ಲ. ನೋವಿಗೆ ಅಂತ ನೀವೇ ಡೋಸ್ ಏರಿಸಬೇಡಿ: ಎದೆಬಡಿತ ಹೆಚ್ಚುತ್ತೆ, ಮೂಳೆ ಸವೆಯುತ್ತೆ. ಹಳೇ ರಿಪೋರ್ಟು, ಹೊಸದು ಎರಡೂ ಹಿಡ್ಕೊಂಡು ಚಿತ್ರದುರ್ಗ ಇಲ್ಲವೇ ದಾವಣಗೆರೆಯಲ್ಲಿ ಫಿಜಿಷಿಯನ್‌ಗೆ ತೋರಿಸಿ.